ಆಟಕ್ಕೆ ಮುಂಚಿನ ಆಟಗಳು

ಈ ಸ್ಮರಣ ಸಂಚಿಕೆಗೆ ವ್ಯಾಯಾಮದ ವಿಷಯವಾಗಿ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ನಮ್ಮ ಬಾಲಿಕೆಯರು ಗೆದ್ದು ತಂದ ಬಟ್ಟಲುಗಳ ಪಟ್ಟಿಯನ್ನು ಕೊಟ್ಟುಬಿಡಬಹುದೆಂದು ಮೊದಲು ತೋರಿತು. ಆದರೆ ಆ ಬಟ್ಟಲುಗಳು ಗಾಜಿನ ಬೀರುವಿನಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಇವೆ. ಯಾರ ಕಣ್ಣಿಗೂ ಬೀಳದ ಒಂದು ಸಂಗತಿಯನ್ನು ಕುರಿತು ಬರೆಯುವುದೇ ಮೇಲೆಂದು ಎಣಿಸಿ, ಪಂದ್ಯಕ್ಕೆ ಮುಂಚಿನ ಕಾಲು ಗಂಟೆಯಲ್ಲಿ ನಡೆಯತಕ್ಕ, ಆದರೆ ಅನೇಕ ಕಡೆಗಳಲ್ಲಿ ನಡೆಯದೆ ಹೋಗುವ ಕೆಲಸವನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ.

ಪಂದ್ಯದ ದಿನದ ನೋಟವನ್ನು ನೆನೆಸಿಕೊಳ್ಳಿರಿ. ದಾವಣಗೆರೆಗೂ ಹರಿಹರಕ್ಕೂ ನಡುವೆ ಸುಮಾರು ೧೪ ಕಿಲೋಮೀಟರು ದೂರ. ಖೊಖೊ ಆಡಲು ಹೊರಟ ಹನ್ನೆರಡು ಮಂದಿ ಬಾಲಿಕೆಯರು ಮೂವರ ಆಸನದಲ್ಲಿ ನಾಲ್ವರಂತೆ ಒತ್ತಿಕೊಂಡು, ಕಾಲು ಮಡಿಸಿ, ತೊಡೆಯ ಮೇಲೆ ಚೀಲಗಳನ್ನಿಟ್ಟುಕೊಂಡು ಬಸ್ಸಿನಲ್ಲಿ ಕುಳಿತಿರುತ್ತಾರೆ. ಬಸ್ಸು ತಡವಾಗಿರುತ್ತದೆ. ಇಳಿದು ಮೈದಾನಕ್ಕೆ ಬರುವಷ್ಟರಲ್ಲಿ ತೀರ್ಪುಗಾರರು ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಗಡಿಯಾರ ನೋಡುತ್ತಿರುತ್ತಾರೆ. ಮರಗಟ್ಟಿದ ಕಾಲುಗಳೊಡನೆ ಮೊದಲನೆಯ ಮೂವರು ಓಟಗಾರ್ತಿಯರು ಅಂಕಣಕ್ಕೆ ಇಳಿಯುತ್ತಾರೆ. ಒಂದು ನಿಮಿಷದೊಳಗೆ ಮೂವರೂ ಹೊರಗೆ ಬರುತ್ತಾರೆ. ಅವರಲ್ಲೊಬ್ಬಳು ಮಂಡಿಯನ್ನು ಹಿಡಿದುಕೊಂಡು ಬಂದರಂತೂ ಆ ದಿನದ ಸೋಲು ಚಿಕ್ಕದಾಗಿ ಕಾಣುತ್ತದೆ, ಏಕೆಂದರೆ ಮಾರನೆಯ ದಿನ ಅವಳ ಮನೆಯಿಂದ ಬರುವ ಮಾತು ಹೆಚ್ಚುಕಡಮೆ ಗೊತ್ತಾದದ್ದೇ ಆಗಿರುತ್ತದೆ: “ಇನ್ನು ಮೇಲೆ ನಮ್ಮ ಹುಡುಗಿಯನ್ನು ಆಟಕ್ಕೆ ಕಳುಹಿಸುವುದಿಲ್ಲ.”

ತಾಯಿತಂದೆಗಳು ನನ್ನನ್ನು ಕೇಳುವುದುಂಟು: ಆಟವೇ ಒಂದು ಆಟ, ಅದಕ್ಕೆ ಮುಂಚೆ ಮತ್ತೊಂದು ಆಟವೇತಕ್ಕೆ? ಇರುವ ಶಕ್ತಿಯೆಲ್ಲ ಅದರಲ್ಲೇ ಖರ್ಚಾಗಿಹೋಗುವುದಿಲ್ಲವೆ? ಹರಿಹರದವರಿಗೆ ನಾನು ಕೊಡುವ ಉತ್ತರ ಲೇಥಿನದು. ೧೯೪೧ರಲ್ಲಿ ಅಲ್ಲಿ ಆರಂಭವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇಥುಗಳನ್ನು ಕಟ್ಟಿದವರ ಮಕ್ಕಳು, ಮೊಮ್ಮಕ್ಕಳು ನಮ್ಮಲ್ಲಿ ಇದ್ದಾರೆ. ಬೆಳಗಿನ ಹೊತ್ತು ತಣ್ಣಗಿರುವ ಯಂತ್ರಕ್ಕೆ ಒಮ್ಮೆಗೇ ಉಕ್ಕನ್ನು ಕೊಯ್ಯುವ ಭಾರವನ್ನು ಕೊಡಬಾರದು, ಸ್ವಲ್ಪ ಹೊತ್ತು ಬರಿದೆ ತಿರುಗಿಸಿ ಎಣ್ಣೆ ಎಲ್ಲ ಕಡೆಗೂ ಹರಿಯುವಂತೆ ಮಾಡಬೇಕು ಎಂಬುದು ಆ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ದಾವಣಗೆರೆಯವರಿಗೆ ಗರಡಿಯ ದೃಷ್ಟಾಂತವೇ ಸಾಕು. ದುರ್ಗಾಂಬಿಕಾ ದೇವಿಯ ಜಾತ್ರೆಯ ಕುಸ್ತಿಗಳನ್ನು ಅವರು ನೋಡಿಯೇ ಇರುತ್ತಾರೆ. ಯಾವ ಪೈಲ್ವಾನನೂ ಕಂಬಳಿ ಹೊದ್ದು ಕುಳಿತಿದ್ದವನು ಹಾಗೆಯೇ ಎದ್ದು ಅಖಾಡಕ್ಕೆ ಇಳಿಯುವುದಿಲ್ಲ. ದಂಡೆ ಹೊಡೆದು, ಬಸ್ಕಿ ತೆಗೆದು, ಮೈಯಲ್ಲಿ ಬೆವರು ಮೂಡಿದ ಮೇಲೆಯೇ ಇಳಿಯುತ್ತಾನೆ. ಪೈಲ್ವಾನನಿಗೆ ಬೇಕಾದದ್ದು ಹದಿಮೂರು ವರ್ಷದ ಹುಡುಗಿಗೆ ಬೇಡವೆ?

ಮೈ ಬೆಚ್ಚಗಾದಾಗ ಒಳಗೆ ಆಗುವುದೇನೆಂದರೆ, ಸ್ನಾಯುಗಳ ಉಷ್ಣತೆ ಒಂದೆರಡು ಡಿಗ್ರಿಯಷ್ಟು ಏರುತ್ತದೆ. ರಕ್ತದ ಸಂಚಾರ ಕೈಕಾಲುಗಳ ಕಡೆಗೆ ಹೆಚ್ಚುತ್ತದೆ. ಬೆಚ್ಚಗಿನ ಸ್ನಾಯು ತಣ್ಣಗಿನ ಸ್ನಾಯುವಿಗಿಂತ ಬೇಗ ಕುಗ್ಗಿ ಬೇಗ ಸಡಿಲಾಗುತ್ತದೆ. ನರಗಳ ಮೂಲಕ ಆಜ್ಞೆಯೂ ತುಸು ಬೇಗ ಹರಿಯುತ್ತದೆ. ಇಷ್ಟಕ್ಕೆ ಹತ್ತು ಹದಿನೈದು ನಿಮಿಷಗಳ ಓಡಾಟ ಸಾಕು. ಇದರಲ್ಲಿ ವಾದವಿಲ್ಲ. ವಾದವಿರುವುದು ಆ ಹತ್ತು ಹದಿನೈದು ನಿಮಿಷಗಳನ್ನು ಹೇಗೆ ಕಳೆಯಬೇಕೆಂಬಲ್ಲಿ.

ನಾವು ಓದುತ್ತಿದ್ದ ಕಾಲದಲ್ಲಿ ಮೈದಾನವನ್ನು ಮೂರು ಸುತ್ತು ಓಡಿ, ಸಾಲಾಗಿ ನಿಂತು, ಬಗ್ಗಿ ಕಾಲ್ಬೆರಳುಗಳನ್ನು ಹಿಡಿದು ಇಪ್ಪತ್ತರವರೆಗೆ ಎಣಿಸುವುದೇ ಪದ್ಧತಿಯಾಗಿತ್ತು. ಹಳೆಯ ವಿದ್ಯಾರ್ಥಿನಿಯರಿಗೆ ಇದು ನೆನಪಿರಬಹುದು. ಮೂರನೆಯ ಸುತ್ತಿನಲ್ಲಿ ಬೇವಿನ ಮರದ ಹಿಂದೆ ಅಡಗಿ ಉಳಿದವರ ಹೆಸರುಗಳನ್ನು ನಾನು ಇಲ್ಲಿ ಹೇಳುವುದಿಲ್ಲ. ಸುತ್ತು ಓಡುವುದರಿಂದ ಮೈ ಬೆಚ್ಚಗಾಗುತ್ತದೆಂಬುದು ನಿಜ. ಆದರೆ ಅಂಗಲಾಘವ ಬರುವುದಿಲ್ಲ. ನಿಂತಲ್ಲೇ ನಿಂತು ಸ್ನಾಯುಗಳನ್ನು ಬಹು ಹೊತ್ತು ಎಳೆದು ಹಿಡಿಯುವುದರಿಂದ, ಅದೂ ಒಂದು ನಿಮಿಷಕ್ಕೆ ಮೀರಿ ಹಿಡಿದರೆ, ಆ ಬಳಿಕದ ನೆಗೆತವೂ ಓಟವೂ ಸ್ವಲ್ಪ ಮಂದವಾಗುತ್ತವೆಂದು ಪರೀಕ್ಷಿಸಿ ಕಂಡಿದ್ದಾರೆ. ಅದು ಆಟ ಮುಗಿದ ಮೇಲೆ ಮಾಡತಕ್ಕದ್ದು.

ಅಂಗಲಾಘವವೆಂದರೇನು? ಬರಿಯ ವೇಗವಲ್ಲ. ಆಸ್ಟ್ರೇಲಿಯದ ಶೆಪರ್ಡ್ ಮತ್ತು ಯಂಗ್ ಎಂಬ ಇಬ್ಬರು ವಿದ್ವಾಂಸರು ೨೦೦೬ರಲ್ಲಿ ಇದಕ್ಕೆ ಒಂದು ಲಕ್ಷಣವನ್ನು ಹೇಳಿದರು. ಅವರ ಅಭಿಪ್ರಾಯದ ಸಾರವಿಷ್ಟು: ಹೊರಗಿನಿಂದ ಬಂದ ಒಂದು ಸೂಚನೆಗೆ ಪ್ರತಿಯಾಗಿ ಇಡಿಯ ದೇಹವು ಥಟ್ಟನೆ ತನ್ನ ವೇಗವನ್ನಾಗಲಿ ದಿಕ್ಕನ್ನಾಗಲಿ ಬದಲಾಯಿಸುವುದೇ ಲಾಘವ. ಈ ಲಕ್ಷಣದಲ್ಲಿ ಮುಖ್ಯವಾದ ಮಾತು ‘ಸೂಚನೆ’ ಎಂಬುದು. ನೆಲದ ಮೇಲೆ ಐದು ಕಲ್ಲುಗಳನ್ನಿಟ್ಟು ಅವುಗಳ ನಡುವೆ ಹಾವಿನಂತೆ ಓಡಿಸಿದರೆ ಕಾಲಿಗೆ ಅಭ್ಯಾಸವಾಗುತ್ತದೆ. ಆದರೆ ಕಲ್ಲು ಎಲ್ಲಿದೆಯೆಂಬುದು ಓಡುವ ಮುಂಚೆಯೇ ಗೊತ್ತು. ಬೆನ್ನಟ್ಟುವವಳು ಎಲ್ಲಿಗೆ ಬರುವಳೆಂಬುದು ಗೊತ್ತಿರುವುದಿಲ್ಲ. ಕಣ್ಣು ಕಾಣಬೇಕು, ಮನಸ್ಸು ಗೊತ್ತುಮಾಡಬೇಕು, ಅನಂತರ ಕಾಲು ನಡೆಯಬೇಕು.

ಖೊಖೊ ಆಟವನ್ನೇ ನೋಡಿ. ಎಂಟು ಮಂದಿ ಬೆನ್ನಟ್ಟುವವರು ಒಬ್ಬಳು ಒಂದು ಕಡೆಗೆ, ಪಕ್ಕದವಳು ಇನ್ನೊಂದು ಕಡೆಗೆ ಮುಖಮಾಡಿ ಸಾಲಾಗಿ ಕುಳಿತಿರುತ್ತಾರೆ, ಒಂಬತ್ತನೆಯವಳು ಓಡುತ್ತಾಳೆ. ಅವಳು ಒಮ್ಮೆ ಹಿಡಿದ ದಿಕ್ಕನ್ನು ಕಂಬ ಮುಟ್ಟುವತನಕ ಬಿಡುವಂತಿಲ್ಲ, ನಡುವಿನ ಪಟ್ಟಿಯನ್ನು ದಾಟುವಂತಿಲ್ಲ. ತಪ್ಪಿಸಿಕೊಳ್ಳುವವಳಿಗೆ ಈ ನಿರ್ಬಂಧಗಳು ಯಾವುವೂ ಇಲ್ಲ. ಹೀಗಿರುವುದರಿಂದ ಜಾಣೆಯಾದ ಓಟಗಾರ್ತಿ ಎದುರಾಳಿಯ ಕಾಲನ್ನು ನೋಡುವುದಿಲ್ಲ, ಭುಜವನ್ನು ನೋಡುತ್ತಾಳೆ; ಭುಜ ತಿರುಗಿದ ಕ್ಷಣದಲ್ಲಿ ಅವಳು ಸಾಲಿನ ಆಚೆ ಬದಿಗೆ ಹೋಗಿರುತ್ತಾಳೆ. ೨೦೨೫ನೆಯ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೊಖೊ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ನಮ್ಮ ದೇಶದ ಮಹಿಳೆಯರು ನೇಪಾಳವನ್ನು ೭೮–೪೦ ಅಂಕಗಳಿಂದ ಸೋಲಿಸಿದರಷ್ಟೆ. ಆ ತಂಡದಲ್ಲಿ ಮೈಸೂರು ಸೀಮೆಯ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಕಡೆಯ ಸರದಿಯಲ್ಲಿ ಅವರಿದ್ದ ಗುಂಪು ಐದು ನಿಮಿಷಕ್ಕೂ ಮೀರಿ ಸಿಕ್ಕದೆ ಓಡಿತು. ನೇರವಾಗಿ ಓಡುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ನಾಡಿನಲ್ಲಿ ಎಷ್ಟೋ ಮಂದಿ ಇದ್ದಾರು. ಅಷ್ಟು ಹೊತ್ತು ಕೈಗೆ ಸಿಕ್ಕದೆ ಇರುವುದು ಬೇರೆಯ ವಿದ್ಯೆ.

ಈ ವಿದ್ಯೆಗೆ ಬೇಕಾದ ಮೊದಲ ಪಾಠಗಳು ನಮ್ಮ ಬೀದಿಯ ಆಟಗಳಲ್ಲಿಯೇ ಇವೆ. ಆದರೆ ಅವುಗಳಲ್ಲಿ ಒಂದು ದೋಷವುಂಟು, ಅದನ್ನು ತಿದ್ದಿಕೊಳ್ಳದೆ ಶಾಲೆಯಲ್ಲಿ ಆಡಿಸಕೂಡದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮುಟ್ಟಾಟವನ್ನು ತೆಗೆದುಕೊಳ್ಳೋಣ. ನಮ್ಮ ಕಡೆ ಕೆಲವರು ಇದನ್ನು ಜೂಟಾಟವೆನ್ನುತ್ತಾರೆ. ಬೀದಿಯ ಕ್ರಮದಲ್ಲಿ ಮುಟ್ಟಿಸಿಕೊಂಡವಳು ‘ಔಟ್’. ಬದಿಗೆ ಹೋಗಿ ಕುಳಿತುಕೊಳ್ಳಬೇಕು. ಇದರಿಂದಾಗುವ ಫಲವೇನು? ಮಂದವಾಗಿ ಓಡುವ ಹುಡುಗಿ ಮೊದಲನೆಯ ಅರ್ಧ ನಿಮಿಷದಲ್ಲೇ ಸಿಕ್ಕಿಬಿದ್ದು, ಮಿಕ್ಕ ಐದು ನಿಮಿಷ ನೆರಳಿನಲ್ಲಿ ಕುಳಿತು ಹುಲ್ಲು ಕೀಳುತ್ತಾಳೆ. ಚುರುಕಾದವಳು ಕಡೆಯತನಕ ಓಡಿ ಮತ್ತಷ್ಟು ಚುರುಕಾಗುತ್ತಾಳೆ. ಯಾರಿಗೆ ಅಭ್ಯಾಸ ಹೆಚ್ಚಾಗಿ ಬೇಕೋ ಅವಳಿಗೇ ಅಭ್ಯಾಸ ಕಡಮೆ. ಒಂದು ವರ್ಷ ಹೀಗೆ ನಡೆದರೆ, “ನನಗೆ ಆಟ ಬರುವುದಿಲ್ಲ, ಮಿಸ್” ಎಂದು ಅವಳೇ ಬಂದು ಹೇಳಿ ಅಂಕ ಬರೆಯುವ ಕೆಲಸವನ್ನು ಕೇಳುತ್ತಾಳೆ. ಅಂಕ ಬರೆಯುವ ಹುಡುಗಿಯರನ್ನು ನಾವು ಹೀಗೆಯೇ ತಯಾರುಮಾಡಿದ್ದೇವೆ.

ಆದಕಾರಣ ನಾನು ಆಡಿಸುವ ಮುಟ್ಟಾಟದಲ್ಲಿ ಯಾರೂ ಔಟಾಗುವುದಿಲ್ಲ. ಇಪ್ಪತ್ತು ಮಂದಿಗೆ ಹದಿನೈದು ಹೆಜ್ಜೆ ಉದ್ದ, ಹದಿನೈದು ಹೆಜ್ಜೆ ಅಗಲದ ಚೌಕವೊಂದನ್ನು ಸುಣ್ಣದಿಂದ ಬರೆದು, ಮೂವರನ್ನು ಹಿಡಿಯಲು ನೇಮಿಸುತ್ತೇನೆ. ಮೊದಲನೆಯ ನಿಮಿಷ ಎಲ್ಲರೂ ನಡೆಯಬೇಕೇ ಹೊರತು ಓಡಬಾರದು. ಬಿರಬಿರನೆ ನಡೆದು ತಪ್ಪಿಸಿಕೊಳ್ಳುವಾಗ ಬರುವ ನಗುವಿನಿಂದಲೇ ಅರ್ಧ ಮೈ ಬೆಚ್ಚಗಾಗುತ್ತದೆ. ಎರಡನೆಯ ನಿಮಿಷ ಮೆಲ್ಲನೆಯ ಓಟ, ಮೂರನೆಯದರಲ್ಲಿ ಪೂರ್ಣ ವೇಗ. ಸಿಕ್ಕಿದವಳು ಇದ್ದಲ್ಲಿಯೇ ಖೊಖೊ ಆಡುವಾಗ ಕುಳಿತುಕೊಳ್ಳುವಂತೆ ಕುಕ್ಕುರುಗಾಲಿನಲ್ಲಿ ಕುಳಿತುಕೊಳ್ಳುತ್ತಾಳೆ. ಗೆಳತಿಯೊಬ್ಬಳು ಹಿಂದಿನಿಂದ ಬೆನ್ನು ಮುಟ್ಟಿ ‘ಖೋ’ ಎಂದರೆ ಥಟ್ಟನೆ ಎದ್ದು ಓಡುತ್ತಾಳೆ. ಹೆಚ್ಚು ಸಲ ಸಿಕ್ಕುವವಳು ಹೆಚ್ಚು ಸಲ ಕುಳಿತು ಏಳುತ್ತಾಳೆ. ಖೊಖೊದಲ್ಲಿ ಬೆನ್ನಟ್ಟುವವಳಿಗೆ ಬೇಕಾದದ್ದು ಅದೇ. ಮಂದವಾಗಿದ್ದ ಹುಡುಗಿಯ ಕಾಲಿಗೆ ಅವಳಿಗೇ ತಿಳಿಯದಂತೆ ಬಲ ಕೂಡುತ್ತದೆ.

ಕೆರೆ–ದಡ ಆಟ ಎಲ್ಲರಿಗೂ ಬರುವಂಥಾದ್ದು. ಗೆರೆಯ ಈಚೆ ದಡ, ಆಚೆ ಕೆರೆ. ಕೂಗಿದಂತೆ ಎರಡು ಕಾಲನ್ನೂ ಕೂಡಿಸಿ ನೆಗೆಯಬೇಕು. ಇದನ್ನು ಪುಟ್ಟ ಮಕ್ಕಳ ಆಟವೆಂದು ಹತ್ತನೆಯ ತರಗತಿಯವರು ಮೂಗು ಮುರಿಯುವುದನ್ನು ಕಂಡಿದ್ದೇನೆ. ಆದರೆ ನೆಲಕ್ಕೆ ಇಳಿಯುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಾಣೆ. ನಾನು ಆಗಾಗ್ಗೆ ಅವರಿಗೆ ಬೆನ್ನು ಮಾಡಿ ನಿಂತು ಕೂಗುತ್ತೇನೆ. ‘ಧೊಪ್’ ಎಂದು ಸದ್ದು ಬಂದರೆ ಮಂಡಿ ಬಗ್ಗಲಿಲ್ಲವೆಂದು ತಿಳಿಯುತ್ತದೆ. ಬೆಕ್ಕು ಗೋಡೆಯಿಂದ ಇಳಿದಂತೆ ಇಳಿಯಬೇಕು: ಮುಂಗಾಲು ಮೊದಲು, ಆಮೇಲೆ ಹಿಮ್ಮಡಿ, ಮಂಡಿಯೂ ಸೊಂಟವೂ ಬಗ್ಗಿರಬೇಕು, ಮಂಡಿಗಳು ಒಂದನ್ನೊಂದು ಮುಟ್ಟುವಂತೆ ಒಳಕ್ಕೆ ವಾಲದೆ ಕಾಲ್ಬೆರಳುಗಳ ನೇರಕ್ಕೆ ಇರಬೇಕು. ಇಷ್ಟು ಕಲಿತ ಮೇಲೆ ತಂಟೆಯನ್ನು ಸೇರಿಸುತ್ತೇನೆ. ‘ಕೆರೆ’ ಎಂದು ಕೂಗಿ ಕೈಯನ್ನು ದಡದ ಕಡೆಗೆ ತೋರಿಸುವುದು. ಕಿವಿಯನ್ನು ನಂಬಬೇಕೆಂದು ಒಂದು ಸಲ, ಕಣ್ಣನ್ನು ನಂಬಬೇಕೆಂದು ಇನ್ನೊಂದು ಸಲ. ಖೊಖೊ ಆಡುವವರಿಗೆ ಕಿವಿ ಬೇಕು. ತ್ರೋಬಾಲ್ ಆಡುವವರಿಗೆ ಕಣ್ಣು ಬೇಕು. ಹಿಡಿದ ಚೆಂಡನ್ನು ಮೂರು ಸೆಕೆಂಡುಗಳೊಳಗೆ ಭುಜದ ಮೇಲಿನಿಂದ ಎಸೆಯಬೇಕಾದವಳು, ಎದುರು ಅಂಕಣದಲ್ಲಿ ಎಲ್ಲಿ ತೆರವಿದೆಯೆಂಬುದನ್ನು ಚೆಂಡು ಕೈಗೆ ಬರುವ ಮುಂಚೆಯೇ ನೋಡಿಟ್ಟುಕೊಂಡಿರಬೇಕು.

ಮಂಡಿಯ ವಿಷಯದಲ್ಲಿ ಇಷ್ಟು ಒತ್ತಿ ಬರೆಯುವುದಕ್ಕೆ ಕಾರಣವುಂಟು. ತೊಡೆಯ ಎಲುಬನ್ನೂ ಕಣಕಾಲಿನ ಎಲುಬನ್ನೂ ಒಳಗಿನಿಂದ ಹಿಡಿದಿರುವ ಒಂದು ಕಟ್ಟು ಮಂಡಿಯಲ್ಲಿದೆ. ನೆಗೆದು ತಿರುಗುವ ಆಟಗಳಲ್ಲಿ ಅದು ಹರಿಯುವುದು ಹುಡುಗರಲ್ಲಿರುವುದಕ್ಕಿಂತ ಹುಡುಗಿಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬಹಳ ಮಟ್ಟಿಗೆ ಯಾರೂ ತಳ್ಳದೆ, ಯಾರೂ ಡಿಕ್ಕಿ ಹೊಡೆಯದೆ, ತಾನೇ ಇಳಿಯುವಾಗ ಅಥವಾ ಥಟ್ಟನೆ ತಿರುಗುವಾಗ ಅದು ಹರಿಯುತ್ತದೆ. ಇದನ್ನು ಓದಿದ ತಾಯಿತಂದೆಗಳು ಹೆದರಿ ಮಕ್ಕಳನ್ನು ಮನೆಯಲ್ಲಿ ಕೂಡಿಸಿಕೊಳ್ಳಬಾರದೆಂದೇ ಮುಂದಿನ ಮಾತನ್ನೂ ಬರೆಯುತ್ತೇನೆ. ನಾರ್ವೆ ದೇಶದಲ್ಲಿ ೧೩ರಿಂದ ೧೭ ವರ್ಷ ವಯಸ್ಸಿನ ೧,೮೯೨ ಮಂದಿ ಫುಟ್‌ಬಾಲ್ ಆಡುವ ಹುಡುಗಿಯರನ್ನು ಒಂದು ಋತುವಿನ ಉದ್ದಕ್ಕೂ ಪರೀಕ್ಷಿಸಿ, ಅದರ ವರದಿಯನ್ನು ೨೦೦೮ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟಿಸಿದರು. ಒಂದು ಪಂಗಡದವರು ಅಭ್ಯಾಸಕ್ಕೆ ಮುಂಚೆ ಸುಮಾರು ಇಪ್ಪತ್ತು ನಿಮಿಷ ಓಟ, ಒಂಟಿ ಕಾಲಿನ ನಿಲುವು, ನೆಗೆತ, ತಿರುಗುವಿಕೆ ಇವುಗಳನ್ನು ಕ್ರಮವಾಗಿ ಮಾಡಿದರು; ಇನ್ನೊಂದು ಪಂಗಡದವರು ತಮ್ಮ ಹಳೆಯ ರೂಢಿಯಂತೆ ನಡೆದರು. ಮೊದಲನೆಯ ಪಂಗಡದಲ್ಲಿ ಒಟ್ಟು ಪೆಟ್ಟುಗಳು ಸುಮಾರು ಮೂರರಲ್ಲಿ ಒಂದು ಪಾಲಿನಷ್ಟು ಕಡಮೆಯಾದವು. ಬಹು ದಿನ ಮಲಗಿಸುವಂಥ ಪೆಟ್ಟುಗಳು ಹತ್ತಿರ ಹತ್ತಿರ ಅರ್ಧದಷ್ಟು ಕಡಮೆಯಾದವು. ಅದು ಫುಟ್‌ಬಾಲು, ನಮ್ಮದು ಖೊಖೊ ಎಂಬ ಭೇದವುಂಟು. ಮಂಡಿ ಮಾತ್ರ ಎರಡರಲ್ಲಿಯೂ ಒಂದೇ.

ಆ ಒಂಟಿ ಕಾಲಿನ ನಿಲುವನ್ನು ಓದಿದಾಗ ನನಗೆ ಕುಂಟೆಬಿಲ್ಲೆ ನೆನಪಿಗೆ ಬಂತು. ನಮ್ಮ ಅಜ್ಜಿಯರು ಅಂಗಳದಲ್ಲಿ ಗೆರೆ ಕೊರೆದು, ಹೆಂಚಿನ ಚೂರನ್ನು ಒಂಟಿ ಕಾಲಿನಿಂದ ತಳ್ಳುತ್ತ ಮನೆಯಿಂದ ಮನೆಗೆ ಕುಂಟಿದ್ದು ಇದೇ ವ್ಯಾಯಾಮವಲ್ಲವೆ? ಒಂದು ತಿದ್ದುಪಡಿ ಬೇಕು. ಹುಡುಗಿಯರು ಯಾವಾಗಲೂ ರೂಢಿಯಾದ ಕಾಲಿನಲ್ಲೇ ಕುಂಟುತ್ತಾರೆ. ಆ ಕಾಲಿನಲ್ಲಿ ಎಷ್ಟೋ ಅಷ್ಟನ್ನೇ ಇನ್ನೊಂದರಲ್ಲಿಯೂ ಆಡಿಸಬೇಕು. ಮೊದಲ ದಿನ ಎಲ್ಲರೂ ಬೀಳುತ್ತಾರೆ. ಬಿಸಿಯಾಗದ ಮೈಯಲ್ಲಿ ಇದನ್ನು ಮೊದಲು ಆಡಿಸಬಾರದು, ಮುಟ್ಟಾಟವಾದ ಮೇಲೆಯೇ ಆಡಿಸಬೇಕು.

ಇನ್ನು ಹದ್ದು–ಕೋಳಿ. ಇದನ್ನು ಬರೆಯುವಾಗ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಮುಂದೆ ನಿಂತ ತಾಯಿಕೋಳಿಯ ಹಿಂದೆ ಮರಿಗಳು ಒಬ್ಬರ ಸೊಂಟವನ್ನು ಒಬ್ಬರು ಹಿಡಿದು ಸಾಲುಗಟ್ಟುತ್ತಾರೆ. ಹದ್ದು ಕಡೆಯ ಮರಿಯನ್ನು ಮುಟ್ಟಲು ಬರುತ್ತದೆ. ತಾಯಿ ಕೈ ಚಾಚಿ ಅಡ್ಡಗಟ್ಟುತ್ತಾಳೆ. ಎಡಕ್ಕೂ ಬಲಕ್ಕೂ ಪಕ್ಕಹೆಜ್ಜೆಯಲ್ಲಿ ಸರಿಯುವುದಕ್ಕೆ ಇದು ಬಹು ಒಳ್ಳೆಯ ಆಟ. ಕಬಡ್ಡಿಯಲ್ಲಿ ಕೈಕೈ ಹಿಡಿದು ದಾಳಿಕಾರ್ತಿಯನ್ನು ಸುತ್ತುಗಟ್ಟುವವರಿಗೆ ಬೇಕಾದ ಹೆಜ್ಜೆ ಇದೇ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ದಾವಣಗೆರೆಯ ಒಂದು ಶಾಲೆಯಲ್ಲಿ, ಇಡಿಯ ತರಗತಿಯನ್ನು ಒಂದೇ ಸಾಲಾಗಿ ನಿಲ್ಲಿಸಿದೆ. ಇಪ್ಪತ್ತೆರಡು ಮಂದಿ. ತಾಯಿ ಒಂದು ಹೆಜ್ಜೆ ಸರಿದರೆ ಬಾಲದ ತುದಿಯವಳು ಹತ್ತು ಹೆಜ್ಜೆ ಹಾರಬೇಕಾಗುತ್ತದೆಂಬುದು ನನಗೆ ಹೊಳೆಯಲಿಲ್ಲ. ತುದಿಯಲ್ಲಿದ್ದವಳು ತರಗತಿಯಲ್ಲೆಲ್ಲ ಚಿಕ್ಕವಳು. ಬಾಲವು ಚಾವಟಿಯಂತೆ ಬೀಸಿತು. ಅವಳು ಕೈ ಊರಿ ಬಿದ್ದಳು; ಮಣಿಕಟ್ಟಿನ ಮೂಳೆ ಮುರಿಯಿತು. ಕೈಯಲ್ಲಿದ್ದ ಗಾಜಿನ ಬಳೆಗಳು ಒಡೆದು ಗಾಯವೂ ಆಯಿತು. ಆಟಕ್ಕೆ ಮುಂಚೆ ಬಳೆಗಳನ್ನು ತೆಗೆಯಿಸಬೇಕೆಂಬುದೂ ನನಗೆ ಆ ದಿನದಿಂದಲೇ ಗೊತ್ತಾದದ್ದು.

ಅವಳ ತಂದೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಮಾಡುವವರು. ನಾನು ಅವರ ಮನೆಗೆ ಹೋದಾಗ ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. “ನಮ್ಮ ಹುಡುಗಿ ಇನ್ನು ಆಟಕ್ಕೆ ಬರೋದಿಲ್ಲ, ಅಕ್ಕೋರೆ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಸಾಲಿನಾಗೆ ಎಷ್ಟು ಮಂದಿ ಇದ್ರು?” ಎಂದು ಕೇಳಿದರು. ಹೇಳಿದೆ. “ನಾವು ಬಾಣಲೆಗೆ ಒಂದೇ ಸಲ ಅಷ್ಟೊಂದು ಅಕ್ಕಿ ಸುರಿಯೋದಿಲ್ಲ ಅಕ್ಕೋರೆ. ಮರಳು ತಣ್ಣಗಾಗತೈತೆ, ಅಕ್ಕಿನೂ ಅರಳೋದಿಲ್ಲ, ಕೆಲಸದವನ ಕೈನೂ ಸುಡತೈತೆ” ಎಂದರು. ವ್ಯಾಯಾಮ ಶಿಕ್ಷಣದ ಪುಸ್ತಕದಲ್ಲಿ ಗುಂಪನ್ನು ಚಿಕ್ಕದಾಗಿ ಒಡೆಯಬೇಕೆಂದು ನಾನು ಓದಿದ್ದೆನು. ಪರೀಕ್ಷೆಯಲ್ಲಿ ಬರೆದೂ ಇದ್ದೆನು. ಅದು ಮನಸ್ಸಿಗೆ ನಾಟಿದ್ದು ಆ ಜಗಲಿಯ ಮೇಲೆ. ಕೈ ಕೂಡಿದ ಮೇಲೆಯೂ ಆ ಹುಡುಗಿ ಶಾಲೆಯ ತಂಡಕ್ಕೆ ಸೇರಲಿಲ್ಲ. ಆದರೆ ಮಾರನೆಯ ವರ್ಷ ಸಂಜೆಯ ಆಟಕ್ಕೆ ಬಂದಳು. ತಂದೆ ಎರಡು ದಿನ ಬೇಲಿಯ ಹೊರಗೆ ನಿಂತು, ಸಾಲಿನಲ್ಲಿ ಎಷ್ಟು ಮಂದಿಯೆಂದು ಎಣಿಸಿಕೊಂಡು ಹೋದರು. ಈಗ ನಾನು ಆಡಿಸುವ ಹದ್ದು–ಕೋಳಿಯಲ್ಲಿ ತಾಯಿಯೂ ಸೇರಿ ಐವರು ಮಾತ್ರ. ನಾಲ್ಕು ಸಾಲು, ನಾಲ್ಕು ಹದ್ದು. ಅರ್ಧ ನಿಮಿಷಕ್ಕೊಮ್ಮೆ ಹದ್ದು ಬಾಲಕ್ಕೆ ಸೇರುತ್ತದೆ, ತಾಯಿ ಹದ್ದಾಗುತ್ತಾಳೆ.

ಲಗೋರಿಯನ್ನು ಬೆಚ್ಚಗಾದ ಮೇಲೆ ಕಡೆಗೆ ಆಡಿಸಬಹುದು. ಚೆಂಡು ಮೆತ್ತಗಿರಬೇಕು, ಭುಜದಿಂದ ಕೆಳಗೇ ಹೊಡೆಯಬೇಕು. ವೃತ್ತವಾಗಿ ಕುಳಿತವರ ಬೆನ್ನ ಹಿಂದೆ ಕರವಸ್ತ್ರ ಹಾಕಿ ಓಡುವ ಆಟವನ್ನು ಮಾತ್ರ ನಾನು ಬಿಟ್ಟೇಬಿಟ್ಟಿದ್ದೇನೆ. ಇಬ್ಬರು ಓಡುವಾಗ ಹದಿನೆಂಟು ಮಂದಿ ಕುಳಿತಿರುತ್ತಾರೆ. ಹುಟ್ಟುಹಬ್ಬದ ಮನೆಗೆ ಅದು ಚೆನ್ನ.

ಇಷ್ಟೆಲ್ಲ ಹದಿನೈದು ನಿಮಿಷಗಳಿಗೆ ಮೀರಬಾರದು. ಮುಗಿದ ಮೇಲೆ ಎರಡು ಮೂರು ನಿಮಿಷ ಉಸಿರು ತಿರುಗಲು ಬಿಟ್ಟು ಪಂದ್ಯಕ್ಕೆ ಇಳಿಯಬೇಕು. ಹೆಚ್ಚು ಹೊತ್ತು ಕುಳಿತರೆ ಪಡೆದ ಬಿಸಿಯೆಲ್ಲ ಆರಿಹೋಗುತ್ತದೆ. ಅಧ್ಯಕ್ಷರ ಭಾಷಣ ಉದ್ದವಾಗುವ ಸಂಭವವಿದ್ದಲ್ಲಿ ಅಭ್ಯಾಸವನ್ನು ಭಾಷಣದ ಅನಂತರಕ್ಕೆ ಇಟ್ಟುಕೊಳ್ಳುವುದು ಕ್ಷೇಮ. ಬದಲಿ ಆಟಗಾರ್ತಿಯರನ್ನು ಎಲ್ಲರೂ ಮರೆಯುತ್ತಾರೆ. ಅವರು ಅಂಕಣದ ಹೊರಗೆ ಆಗಾಗ್ಗೆ ಎದ್ದು ನಾಲ್ಕು ಹೆಜ್ಜೆ ಓಡಾಡುತ್ತಿರಬೇಕು, ಏಕೆಂದರೆ ತಣ್ಣಗಿರುವ ಮೈಯಲ್ಲಿ ಬಿಸಿಯಾದ ಆಟದೊಳಕ್ಕೆ ಹೋಗುವವರು ಅವರೇ.

ನಮ್ಮ ಸೀಮೆಯ ನೆಲ, ಹವೆಗಳ ವಿಷಯವಾಗಿಯೂ ಎರಡು ಮಾತು. ಕರಿಯ ಮಣ್ಣಿನ ಮೈದಾನವು ಬೇಸಗೆಯಲ್ಲಿ ಬಿರುಕುಬಿಡುತ್ತದೆ, ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ. ಬಿರುಕಿನಲ್ಲಿ ಪಾದ ಸಿಕ್ಕಿ ಕಾಲು ಉಳುಕುವುದು ಸಾಮಾನ್ಯ. ಆದುದರಿಂದ ಉಪಾಧ್ಯಾಯಿನಿಯು ಮೊದಲು ತಾನೇ ಅಂಕಣವನ್ನು ನಡೆದು ನೋಡಿ, ಬಿರುಕುಗಳಿಗೆ ಮರಳನ್ನೋ ಕೆಮ್ಮಣ್ಣನ್ನೋ ತುಂಬಿಸಬೇಕು. ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ಬಿಸಿಲಿನಲ್ಲಿ ಆಡಿಸಕೂಡದು. ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಬಿಸಿಲು ಇಳಿದ ಮೇಲೆ ಆಡಿಸಬೇಕು. ಆ ತಿಂಗಳುಗಳಲ್ಲಿ ಬೆಚ್ಚಗಾಗುವ ಕೆಲಸವನ್ನು ಹವೆಯೇ ಅರ್ಧ ಮಾಡಿಕೊಟ್ಟಿರುತ್ತದೆ. ಎಂಟು ನಿಮಿಷ ಸಾಕು. ನೀರನ್ನು ಬಾಯಾರಿಕೆಯಾಗುವ ಮುಂಚೆಯೇ ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ಊಟದ ವಿಷಯದಲ್ಲಿ ದಾವಣಗೆರೆಯ ತಾಯಂದಿರಿಗೆ ನನ್ನ ವಿಶೇಷ ವಿನಂತಿ: ಪಂದ್ಯದ ದಿನ ಮಗಳಿಗೆ ಬಲ ಬರಲೆಂದು ಹೊರಡುವ ಹೊತ್ತಿಗೆ ಮೂರು ಬೆಣ್ಣೆದೋಸೆಗಳನ್ನು ತಿನ್ನಿಸಿ ಕಳುಹಿಸುವುದನ್ನು ದಯವಿಟ್ಟು ನಿಲ್ಲಿಸಿರಿ. ಎರಡು ಗಂಟೆ ಮುಂಚೆ ಲಘುವಾಗಿ ತಿಂದಿದ್ದರೆ ಸಾಕು. ದೋಸೆ ಗೆದ್ದು ಬಂದ ಮೇಲೆ ಇರಲಿ, ಸೋತು ಬಂದರೂ ಇರಲಿ.

ತಿಂಗಳ ದಿನಗಳಲ್ಲಿ ಹುಡುಗಿಯರು ಆಡಬಾರದೆಂಬ ಭಾವನೆ ಕೆಲವು ಮನೆಗಳಲ್ಲಿದೆ. ಇದಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ. ನೋವು ಅಥವಾ ಸುಸ್ತು ಹೆಚ್ಚಾಗಿದ್ದರೆ ವಿಶ್ರಾಂತಿ ಪಡೆಯಲಿ, ಹಾಗಿಲ್ಲದಿದ್ದರೆ ಆಡಲಿ. ಹಿತವಾದ ಓಡಾಟದಿಂದ ನೋವು ತಗ್ಗುವುದೇ ಹೆಚ್ಚು. ಗೊತ್ತುಮಾಡಬೇಕಾದವಳು ಆ ಹುಡುಗಿಯೇ; ತಾಯಿಯೂ ಅಲ್ಲ, ನಾನೂ ಅಲ್ಲ.

ಇಷ್ಟರಲ್ಲಿ ಹಳೆಯ ವಿದ್ಯಾರ್ಥಿನಿಯರ ದಿನ ಬರಲಿದೆ. ಅಂದು ತಮಗೂ ಈಗಿನ ವಿದ್ಯಾರ್ಥಿನಿಯರಿಗೂ ತ್ರೋಬಾಲ್ ಪಂದ್ಯವೊಂದು ನಡೆಯುವುದೆಂದು ಎಲ್ಲರಿಗೂ ತಿಳಿದಿದೆ. ಕುರ್ಚಿಯಿಂದ ಎದ್ದು, ಸೆರಗು ಸಿಕ್ಕಿಸಿಕೊಂಡು, ನೇರವಾಗಿ ಅಂಕಣಕ್ಕೆ ನಡೆದುಬಿಡುವವರು ಅಂದು ಯಾರೆಂಬುದನ್ನು ನಾನು ಬಲ್ಲೆ. ನಲವತ್ತು ವರ್ಷದ ಮೀನಖಂಡಕ್ಕೆ ಹದಿನಾಲ್ಕು ವರ್ಷದ ನೆನಪು ಇರುವುದಿಲ್ಲ. ಆದಕಾ­ರಣ ಪಂದ್ಯವು ನಾಲ್ಕೂವರೆಗೆ ಎಂದು ಕರೆಯೋಲೆಯಲ್ಲಿದ್ದರೂ ತಾವೆಲ್ಲರೂ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಬೇವಿನ ಮರದ ಕೆಳಗೆ ಸೇರಬೇಕು. ಮೊದಲು ನಡೆದಾಡುವ ಮುಟ್ಟಾಟ, ಆಮೇಲೆ ಕೆರೆ–ದಡ. ಮೂಗು ಮುರಿಯುವವರಿಗೆ ಅಂಕ ಬರೆಯುವ ಪುಸ್ತಕವನ್ನು ಕೊಡಲಾಗುವುದು. ಬಳೆಗಳನ್ನು ಕಳಚಿಡಲು ಕಚೇರಿಯ ಮುಂದಿನ ಬೆಂಚಿನ ಮೇಲೆ ಒಂದು ತಟ್ಟೆಯನ್ನು ಇಟ್ಟಿರುತ್ತೇವೆ.